ಲಾ ಸ್ಕೂಲ್‌ಗೆ ನಮ್ಮ ಮಕ್ಕಳು ಸೇರಬೇಕಾದರೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಗುವನ್ನು ಮುಂದೆ ಏನು ಓದಿಸಬೇಕು ಎಂದು ಕೇಳಿದರೆ ನಮ್ಮ ಕಡೆ ಡಾಕ್ಟರು, ಇಂಜಿನಿಯರು, ಮೇಷ್ಟ್ರು, ಪೊಲೀಸು ಎಂಬ ಉತ್ತರಗಳು ಬಾಯಲ್ಲೇ ಇರುತ್ತವೆ. ವಕೀಲಿಕೆಯ ಮಾತು ಬರುವುದು ಕೊನೆಗೆ. ಆದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯನ್ನೇ ನೋಡಿ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ. ಅಲ್ಲಿನ ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ತುಮಕೂರು–ರಾಯದುರ್ಗ ರೈಲು ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡ ತಾಲ್ಲೂಕುಗಳ ಹೊಲಗಳ ಮೇಲೆಯೇ ಹಾದುಹೋಗಬೇಕು. ಗುತ್ತಿಗೆ ಪತ್ರ, ಭೂಸ್ವಾಧೀನದ ನೋಟಿಸು, ಪಹಣಿ, ಪೋಡಿ ಇವನ್ನೆಲ್ಲ ಓದಿ, ರುಜು ಹಾಕುವ ಮೊದಲೇ ಅರ್ಥ ಹೇಳಬಲ್ಲವರು ನಮ್ಮ ಮನೆಗಳಿಂದಲೇ ಬರಬೇಕು. ಅದಕ್ಕಾಗಿಯೇ ಈ ವಿಷಯ ಆರಿಸಿಕೊಂಡೆ.

ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯನ್ನು ಜನ ‘ಲಾ ಸ್ಕೂಲ್’ ಎಂದೇ ಕರೆಯುತ್ತಾರೆ. ಪ್ರೊ. ಎನ್. ಆರ್. ಮಾಧವ ಮೆನನ್ ಅವರು ಕಟ್ಟಿ ಬೆಳೆಸಿದ ಆ ಸಂಸ್ಥೆಯಲ್ಲಿ 1988ರಲ್ಲಿ ಮೊದಲ ತಂಡ ಓದಲು ಆರಂಭಿಸಿತು. ಪಿಯುಸಿ ಆದ ಮೇಲೆ ಐದು ವರ್ಷದ ಕಾನೂನು ಪದವಿ ಎಂಬ ಮಾದರಿ ಅಲ್ಲಿಂದ ದೇಶಕ್ಕೆಲ್ಲ ಹರಡಿತು. ಈಗ ಅಂಥ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿಗೆ ಒಂದೇ ಪ್ರವೇಶ ಪರೀಕ್ಷೆ ಇದೆ. ಅದರ ಹೆಸರು ಕ್ಲ್ಯಾಟ್, 2008ರಿಂದ ನಡೆಯುತ್ತಿದೆ.

ಮಕ್ಕಳೇ, ಮೊದಲು ತಿಳಿಯಬೇಕಾದದ್ದು ದಿನಾಂಕ. ಈಚಿನ ವರ್ಷಗಳಲ್ಲಿ ಕ್ಲ್ಯಾಟ್ ನಡೆಯುತ್ತಿರುವುದು ಡಿಸೆಂಬರ್‌ನಲ್ಲಿ. ಎಂದರೆ ದ್ವಿತೀಯ ಪಿಯುಸಿ ಪಾಠಗಳು ಇನ್ನೂ ನಡೆಯುತ್ತಿರುವಾಗಲೇ. ಅರ್ಜಿ ಹಾಕುವ ಕಾಲ ಅದಕ್ಕೂ ಮೊದಲು, ಆಗಸ್ಟ್‌ನಿಂದ ಅಕ್ಟೋಬರ್ ತನಕ. ಪಿಯುಸಿ ಫಲಿತಾಂಶ ಬಂದ ಮೇಲೆ ವಿಚಾರಿಸುವವರಿಗೆ ಆ ವರ್ಷದ ಬಾಗಿಲು ಮುಚ್ಚಿ ತಿಂಗಳುಗಳೇ ಆಗಿರುತ್ತವೆ. ಹಳ್ಳಿಯ ಮಕ್ಕಳು ಹಿಂದೆ ಬೀಳುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ, ಸುದ್ದಿ ತಡವಾಗಿ ತಲುಪುವುದು ಕಾರಣ. ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದ್ದರೂ ಸರಿ. ಸಾಮಾನ್ಯ ವರ್ಗದವರಿಗೆ ಶೇ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಅಂಕ ಸಾಕು. ವಯಸ್ಸಿನ ಮಿತಿ ಇಲ್ಲ.

ಇನ್ನು ಪರೀಕ್ಷೆ. 120 ಪ್ರಶ್ನೆ, 120 ನಿಮಿಷ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ ಎಂಬ ಐದು ಭಾಗಗಳು. ಗಣಿತ ಹತ್ತನೇ ತರಗತಿಯ ಮಟ್ಟದ್ದು; ಶೇಕಡಾವಾರು, ಅನುಪಾತ, ಸರಾಸರಿ ಗಟ್ಟಿಯಾಗಿದ್ದರೆ ಹೆದರಬೇಕಿಲ್ಲ. ಉಳಿದದ್ದೆಲ್ಲ ಓದಿನ ಪರೀಕ್ಷೆ. ಸುಮಾರು 450 ಪದಗಳ ಒಂದು ಗದ್ಯಭಾಗ, ಅದರ ಕೆಳಗೆ ಕೆಲವು ಪ್ರಶ್ನೆ, ಮತ್ತೆ ಇನ್ನೊಂದು ಗದ್ಯಭಾಗ. ಎಲ್ಲವೂ ಇಂಗ್ಲಿಷಿನಲ್ಲಿ. ಎರಡು ಗಂಟೆಯಲ್ಲಿ ಹತ್ತು ಸಾವಿರ ಪದಗಳ ಹತ್ತಿರ ಓದಬೇಕು ಎಂದಾಯಿತು. ಆರು ತಿಂಗಳ ಕೋಚಿಂಗ್‌ನಲ್ಲಿ ಬರುವ ಶಕ್ತಿ ಇದಲ್ಲ. ಎಂಟನೇ ತರಗತಿಯಿಂದ ದಿನಕ್ಕೆ ಅರ್ಧ ಗಂಟೆ ಓದಿದರೆ ತಾನಾಗಿ ಬರುತ್ತದೆ.

ಕಾನೂನು ತರ್ಕ ಎಂದರೆ ಏನು? ಒಂದು ಉದಾಹರಣೆ ಹೇಳುತ್ತೇನೆ. 18 ವರ್ಷ ತುಂಬದವರ ಜೊತೆ ಮಾಡಿಕೊಂಡ ಒಪ್ಪಂದ ನಿಲ್ಲುವುದಿಲ್ಲ ಎಂಬ ನಿಯಮವನ್ನು ಗದ್ಯಭಾಗದಲ್ಲಿ ಕೊಟ್ಟಿದ್ದಾರೆ ಎನ್ನಿ. ಹದಿನೇಳರ ಹುಡುಗನೊಬ್ಬ ಸಂತೆಯಲ್ಲಿ ಸಾಲಕ್ಕೆ ಕುರಿ ಕೊಂಡು, ಆಮೇಲೆ ದುಡ್ಡು ಕೊಡಲಿಲ್ಲ. ಒಪ್ಪಂದ ನಿಲ್ಲುತ್ತದೆಯೇ? ಕುರಿ ಕೊಟ್ಟವನಿಗೆ ಅನ್ಯಾಯವಾಯಿತಲ್ಲ ಎಂದು ನಮ್ಮ ಮನಸ್ಸು ಹೇಳುತ್ತದೆ. ಆದರೆ ಪ್ರಶ್ನೆ ಇರುವುದು ಕೊಟ್ಟ ನಿಯಮ ಏನು ಹೇಳುತ್ತದೆ ಎಂಬುದರ ಮೇಲೆ. ಪಂಚಾಯಿತಿ ಕಟ್ಟೆಯಲ್ಲಿ ಮಾತು ಕೇಳಿ ಬೆಳೆದ ಮಕ್ಕಳಿಗೆ ಎರಡೂ ಕಡೆಯ ವಾದ ಹೊಸದಲ್ಲ. ಮುಂದಿಟ್ಟ ನಿಯಮವನ್ನು ಬಿಟ್ಟು ಆಚೀಚೆ ಹೋಗದಿರುವುದನ್ನು ಮಾತ್ರ ಅಭ್ಯಾಸ ಮಾಡಬೇಕು.

ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. 100 ಪ್ರಶ್ನೆ ಬರೆದು 80 ಸರಿಯಾದರೆ 75 ಅಂಕ. ಅದೇ 80 ಸರಿ ಇದ್ದು, 120ನ್ನೂ ಬರೆದು 40 ತಪ್ಪಾದರೆ 70ಕ್ಕೆ ಇಳಿಯುತ್ತದೆ. ಎಲ್ಲವನ್ನೂ ತುಂಬಿ ಬರುವ ನಮ್ಮ ಪರೀಕ್ಷೆಯ ರೂಢಿಯನ್ನು ಇಲ್ಲಿ ಬಿಡಬೇಕು.

ಇಂಗ್ಲಿಷ್ ಬಾರದಲ್ಲ ಎಂಬ ಅಂಜಿಕೆ ನನಗೂ ಗೊತ್ತು. ಮೊದಲು ಕನ್ನಡ ಪತ್ರಿಕೆಯ ಸಂಪಾದಕೀಯ ಓದಿ; ಲೇಖಕರು ಏನು ಹೇಳುತ್ತಾರೆ, ಯಾಕೆ ಹೇಳುತ್ತಾರೆ ಎಂದು ಎರಡು ಸಾಲು ಬರೆಯಿರಿ. ಅದೇ ವಿಷಯವನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕಿ ಓದಿ. ವಿಷಯ ಗೊತ್ತಿದ್ದರೆ ಪದ ತಾನೇ ಅರ್ಥ ಬಿಟ್ಟುಕೊಡುತ್ತದೆ. ಪಾವಗಡದ ಕಡೆಯ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಎರಡು ಭಾಷೆ ನಡೆಸುವವರು. ಮೂರನೆಯದು ಅವರಿಗೆ ಬೆಟ್ಟವಲ್ಲ.

ತಂದೆತಾಯಿಗಳು ಕೇಳಬೇಕಾದ ಮಾತೊಂದಿದೆ. ಬೆಂಗಳೂರಿನ ಲಾ ಸ್ಕೂಲ್‌ನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಮೀಸಲಾತಿ ಇದೆ. ಅದಕ್ಕೆ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಗಡಿ ದಾಟಿ ಮಡಕಶಿರಾ, ಹಿಂದೂಪುರದ ಕಡೆ ಮಕ್ಕಳನ್ನು ಓದಿಸುವವರು ಈ ವರ್ಷಗಳ ಲೆಕ್ಕ ಇಟ್ಟುಕೊಳ್ಳಿ. ವ್ಯಾಸಂಗ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಅರ್ಜಿಯ ಕಾಲಕ್ಕೆ ಮೊದಲೇ ಮಾಡಿಸಿಡಿ.

ಹಣದ ಮಾತನ್ನೂ ಮುಚ್ಚಿಡಬಾರದು. ಅರ್ಜಿ ಶುಲ್ಕವೇ 4,000 ರೂಪಾಯಿ. ಪರಿಶಿಷ್ಟರಿಗೆ ಮತ್ತು ಬಿಪಿಎಲ್ ಕುಟುಂಬದವರಿಗೆ 3,500. ಸೇರಿದ ಮೇಲೆ ವರ್ಷಕ್ಕೆ ಲಕ್ಷಗಳಲ್ಲಿ ಖರ್ಚು. ಆದರೆ ಅದನ್ನು ಕೇಳಿ ಹಿಂದೆ ಸರಿಯಬೇಡಿ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ವಿದ್ಯಾರ್ಥಿವೇತನವಿದೆ, ಲಾ ಸ್ಕೂಲ್‌ನದೇ ಆರ್ಥಿಕ ನೆರವೂ ಇದೆ. ಪ್ರೊ. ಶಮ್ನಾದ್ ಬಷೀರ್ ಅವರು 2010ರಲ್ಲಿ ಆರಂಭಿಸಿದ ‘ಇಡಿಯಾ’ ಎಂಬ ಸಂಸ್ಥೆ ಬಡ ಮಕ್ಕಳನ್ನು ಆರಿಸಿ ಈ ಪರೀಕ್ಷೆಗೆ ತರಬೇತಿ ಕೊಡುತ್ತದೆ.

ಸೀಟು ಸಿಗದಿದ್ದರೆ ದಾರಿ ಮುಗಿಯಿತೇ? ಇಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಿಗೆ ಕ್ಲ್ಯಾಟ್ ಬೇಕಿಲ್ಲ. ತುಮಕೂರಿನಲ್ಲೇ ಕಾನೂನು ಕಾಲೇಜು ಇದೆ. ಪದವಿ ಮುಗಿಸಿದವರು ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಲಾ ಸ್ಕೂಲ್ ಕೂಡ 2022ರಿಂದ ಆ ಕೋರ್ಸನ್ನು ನಡೆಸುತ್ತಿದೆ. ಅದಕ್ಕೆ ಬೇರೆ ಪ್ರವೇಶ ಪರೀಕ್ಷೆ. ಕೋರ್ಟಿನಲ್ಲಿ ನಿಂತ ಮೇಲೆ ಕೇಳುವುದು ವಾದವನ್ನು, ಕಾಲೇಜಿನ ಹೆಸರನ್ನಲ್ಲ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಾದ ನಮಗೆ ಮೂರು ಕೆಲಸ. ಶಾಲೆಯ ಗ್ರಂಥಾಲಯಕ್ಕೆ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆ ತಪ್ಪದೆ ಬರಲಿ. ಪ್ರತಿ ಜುಲೈನಲ್ಲಿ ಪ್ರವೇಶ ಪರೀಕ್ಷೆಗಳ ದಿನಾಂಕಗಳನ್ನು ಬರೆದ ಹಲಗೆ ಗೇಟಿನ ಬಳಿ ನಿಲ್ಲಲಿ. ವರ್ಷಕ್ಕೆ ಐದು ಮಕ್ಕಳ ಅರ್ಜಿ ಶುಲ್ಕವನ್ನು ನಾವೇ ಕಟ್ಟೋಣ. ಎಲ್ಲ ಸೇರಿದರೂ 20,000 ದಾಟುವುದಿಲ್ಲ. ಸುವರ್ಣ ಮಹೋತ್ಸವದ ಶಾಮಿಯಾನ ನಾಳೆ ಬಿಚ್ಚುತ್ತಾರೆ. ಈ ಮೂರು ಕೆಲಸ ಉಳಿಯಲಿ.