ಇನ್ನು ಮೂರು ಚೊಂಬು ಅಷ್ಟೇ: ಮಗು ಹಠ ಹಿಡಿದಾಗ ಅಪ್ಪ ಏನು ಮಾಡಬೇಕು?

ಬಸ್ಸಲ್ಲೋ, ಮೆಟ್ರೋದಲ್ಲೋ, ಮಗು ಮಲಗಿದ ಮೇಲೆ ಅಡುಗೆಮನೇಲೋ ಕೂತು ಕೇಳ್ತಾ ಇರೋ ಎಲ್ಲರಿಗೂ ಸ್ವಾಗತ. ಇವತ್ತು ಪುಟ್ಟ ಮಕ್ಕಳ ಹಠದ ಬಗ್ಗೆ ಮಾತಾಡೋಣ. ಅದಕ್ಕೂ ಮೊದಲು ಒಂದು ವಿಷಯ ಒಪ್ಕೊಂಡುಬಿಡ್ತೀನಿ: ನಾನು ನನ್ನ ಮಗಳಿಗೆ ಹೊಡೆದಿದ್ದೀನಿ.

ಅವಳಿಗೆ ಎರಡೂವರೆ ವರ್ಷ. ಒಂದು ಸೋಮವಾರ ಬೆಳಿಗ್ಗೆ, ಎಂಟೂಕಾಲು. ಸ್ನಾನ ಮುಗಿದಿದೆ, ಅವಳು ಬಕೆಟ್ ಬಿಡ್ತಿಲ್ಲ. 'ಬಾ' ಅಂದ್ರೆ 'ಬರಲ್ಲ'. ಟವೆಲ್ ಹಿಡಿದ್ರೆ 'ಬೇಡ'. ಎತ್ಕೊಳ್ಳೋಕೆ ಹೋದೆ, ಒಂದು ಚೊಂಬು ನೀರು ಪೂರ್ತಿ ನನ್ನ ಇಸ್ತ್ರಿ ಮಾಡಿದ ಷರ್ಟ್ ಮೇಲೆ. ಕೈ ತಾನಾಗೇ ಹೋಯ್ತು ಅಂತ ಹೇಳ್ಕೋಬಹುದು. ಆದ್ರೆ ಹೊಡೆದಿದ್ದು ನಾನೇ.

ಅವಳು ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಜೋರಾಗಿ ಅತ್ತು ಎರಡೂ ಕೈ ಚಾಚಿದಳು, ನನ್ನ ಕಡೆಗೇ. ಹೊಡೆದವನೂ ನಾನೇ, ಎತ್ಕೊಂಡು ಸಮಾಧಾನ ಮಾಡಬೇಕಾದವನೂ ನಾನೇ. ಅವತ್ತು ಆಫೀಸಲ್ಲಿ ಇಡೀ ದಿನ ಆ ಎರಡು ಪುಟ್ಟ ಕೈಗಳೇ ಕಣ್ಮುಂದೆ.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. 'ಅಯ್ಯೋ, ಒಂದೇಟಿಗೆ ಏನಾಗುತ್ತೋ? ನೀನೂ ತಿಂದೇ ಬೆಳೆದವನು' ಅಂದ್ರು. ನಮ್ಮಲ್ಲಿ ಬಹಳ ಜನ ಹೀಗೇ ಹೇಳ್ತಾರೆ. ಆದ್ರೆ ಯೋಚನೆ ಮಾಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೇಲಿ ಮೇಷ್ಟ್ರು ಮಗುವಿಗೆ ಹೊಡೆಯೋ ಹಾಗಿಲ್ಲ. ಮೇಷ್ಟ್ರು ಮಾಡಬಾರದ್ದನ್ನ ಅಪ್ಪ ಮಾಡಬಹುದಾ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ: ಹೊಡೆಯಬೇಡಿ, ಕಿರುಚಬೇಡಿ, ಅವಮಾನ ಮಾಡಬೇಡಿ.

ಅಸಲಿಗೆ ಮಗು ಹಠ ಯಾಕೆ ಮಾಡುತ್ತೆ? ಈ ವಯಸ್ಸಲ್ಲಿ 'ನಾನು ಬೇರೆ, ಅಪ್ಪ ಬೇರೆ' ಅನ್ನೋದು ಗೊತ್ತಾಗ್ತಿರುತ್ತೆ. 'ಬೇಡ' ಅನ್ನೋದು ಅದರ ಮೊದಮೊದಲ ಸ್ವಂತ ತೀರ್ಮಾನ. ಆಸೆ ದೊಡ್ಡದು, ಮಾತು ಇನ್ನೂ ಕಡಿಮೆ. ಸಿಟ್ಟನ್ನ ತಡೆಯೋ ಬ್ರೇಕ್ ಇರೋದು ಮಿದುಳಿನ ಮುಂಭಾಗದಲ್ಲಿ, ಹಣೆಯ ಹಿಂದೆ. ಅದು ಪೂರ್ತಿ ಬೆಳೆಯೋಕೆ ಇಪ್ಪತ್ತೈದರ ಆಸುಪಾಸು ಆಗುತ್ತೆ. ಅವಳ ಹತ್ರ ಆ ಬ್ರೇಕ್ ಇನ್ನೂ ಇರಲಿಲ್ಲ. ನನ್ನ ಹತ್ರ ಇತ್ತು, ನಾನು ಹಾಕಲಿಲ್ಲ.

ಈಗ ಏನು ಮಾಡ್ತೀನಿ ಅಂದ್ರೆ, ಮೊದಲು ನನ್ನನ್ನ ನಾನು ತಡೀತೀನಿ. ಒಂದು ಹೆಜ್ಜೆ ಹಿಂದೆ, ಒಂದು ದೀರ್ಘ ಉಸಿರು. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಅವಳ ಕಣ್ಣಿಗೆ ಕಣ್ಣಿಟ್ಟು, ದನಿ ತಗ್ಗಿಸಿ ಹೇಳ್ತೀನಿ: 'ಇನ್ನೂ ನೀರಲ್ಲಿ ಆಡ್ಬೇಕು ಅನ್ಸುತ್ತೆ ಅಲ್ವಾ ಪುಟ್ಟಿ?'

ಎರಡನೇದು, ಮುಂಚೆನೇ ತಿಳಿಸೋದು. 'ಇನ್ನು ಐದು ನಿಮಿಷ' ಅಂದ್ರೆ ಅವಳಿಗೆ ಅರ್ಥ ಆಗಲ್ಲ. 'ಇನ್ನು ಮೂರು ಚೊಂಬು ಅಷ್ಟೇ' ಅಂದ್ರೆ ಕಣ್ಣಿಗೇ ಕಾಣುತ್ತೆ. ಒಂದು, ಎರಡು, ಮೂರು ಅಂತ ಅವಳೇ ಸುರ್ಕೋತಾಳೆ.

ಮೂರನೇದು, 'ಬರ್ತೀಯಾ?' ಅಂತ ಕೇಳಲ್ಲ. ಕೇಳಿದ್ರೆ 'ಇಲ್ಲ' ಅನ್ನೋದೂ ಒಂದು ಉತ್ತರವೇ ತಾನೇ? 'ಹಳದಿ ಟವೆಲ್ ಬೇಕಾ, ನೀಲಿ ಟವೆಲ್ ಬೇಕಾ?' ಅಂತೀನಿ. ಹೊರಗೆ ಬರೋದು ನನ್ನ ತೀರ್ಮಾನ, ಟವೆಲ್ ಅವಳ ತೀರ್ಮಾನ.

ಹಾಗಂತ ಸಮಾಧಾನ ಅಂದ್ರೆ ಹೇಳಿದ್ದಕ್ಕೆಲ್ಲ ಕುಣಿಯೋದಲ್ಲ. ಮೂರು ಚೊಂಬು ಅಂದ ಮೇಲೆ ನಾಲ್ಕನೇದಿಲ್ಲ. ಅತ್ತರೆ ಅಳಲಿ, ಎತ್ಕೊಂಡು ಹೊರಗೆ ತರ್ತೀನಿ, ಪಕ್ಕದಲ್ಲೇ ಇರ್ತೀನಿ. ರಸ್ತೆಗೆ ಓಡಿದ್ರೆ, ಒಲೆ ಮುಟ್ಟೋಕೆ ಹೋದ್ರೆ ಮೊದಲು ಹಿಡ್ಕೊಳ್ಳೋದು, ಮಾತು ಆಮೇಲೆ.

ಇದು ಪ್ರತಿ ಸಲ ವರ್ಕ್ ಆಗುತ್ತಾ? ಇಲ್ಲ. ಹೋದ ವಾರ ಎರಡು ಮಹಡಿ ಮೆಟ್ಟಿಲು ಇಳಿಯೋವರೆಗೂ ಅವಳು ಕಿರುಚ್ತಾನೇ ಇದ್ದಳು, ಅಕ್ಕಪಕ್ಕದವರೆಲ್ಲ ಬಾಗಿಲು ತೆಗೆದು ನೋಡಿದ್ರು. ನಾನು ಕಿರುಚಲಿಲ್ಲ. ಅವತ್ತಿನ ಮಟ್ಟಿಗೆ ಅಷ್ಟೇ ಗೆಲುವು. ಆದ್ರೆ ಮಗು ಪದೇಪದೇ ತನಗೇ ಪೆಟ್ಟು ಮಾಡ್ಕೊಳ್ತಿದ್ರೆ, ಮಾತು ತಡ ಆಗ್ತಿದೆ ಅನ್ಸಿದ್ರೆ ಮಕ್ಕಳ ಡಾಕ್ಟರನ್ನ ಕೇಳಿ.

ಆ ಸೋಮವಾರ ರಾತ್ರಿ ಮಲಗಿಸುವಾಗ ಹೇಳಿದೆ: 'ಅಪ್ಪ ಹೊಡೆದಿದ್ದು ತಪ್ಪು. ಸಾರಿ ಪುಟ್ಟಿ.' ಎಷ್ಟು ಅರ್ಥ ಆಯ್ತೋ ಗೊತ್ತಿಲ್ಲ. ನಿನ್ನೆ ಮಾತ್ರ ತನ್ನ ಗೊಂಬೆಗೆ ಸ್ನಾನ ಮಾಡಿಸ್ತಾ, ಮೆಲ್ಲಗೆ ಹೇಳ್ತಿದ್ದಳು: 'ಇನ್ನು ಮೂಲು ಚೊಂಬು ಅಷ್ಟೇ, ಆಯ್ತಾ?'

ಇವತ್ತಿಗೆ ಇಷ್ಟು. ನಾಳೆ ಬೆಳಿಗ್ಗೆ ನಿಮ್ಮ ಮನೇಲೂ ಹಠ ಇರುತ್ತೆ, ಮೊದಲು ಒಂದು ಉಸಿರು ತಗೊಳ್ಳಿ. ಮುಂದಿನ ಕಂತಲ್ಲಿ ಸಿಗೋಣ.