ಹಗೇವಿನ ಜೋಳ, ಕಡಲ ತಳದ ಕೆಸರು

ಇವತ್ತು ಕಡಲ ತಳಕ್ಕೆ ಹೋಗೋಣ, ಆದ್ರೆ ರೋಣದ ಮೇಲಿಂದ.

ರೋಣ, ನರಗುಂದ, ಗಜೇಂದ್ರಗಡ ಕಡೆಯ ಹಳೇ ಮಂದಿಗೆ ಹಗೇವು ಗೊತ್ತು. ನೆಲದೊಳಗಿನ ಕಣಜ ಅದು. ಜೋಳ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿಬಿಟ್ರೆ ವರ್ಷಗಟ್ಟಲೆ ಕಾಳು ಕೆಡ್ತಿರಲಿಲ್ಲ. ಒಳಗಿನ ಕಾಳು, ಹುಳ ಎಲ್ಲಾ ಉಸಿರಾಡಿ ಇದ್ದ ಆಮ್ಲಜನಕ ಖಾಲಿ ಮಾಡ್ತಿದ್ವು. ಆಮೇಲೆ ಹುಳಾನೂ ಸಾಯ್ತಿತ್ತು. ಅದಕ್ಕೇ ಹಗೇವು ತೆಗೆದ ತಕ್ಷಣ ಯಾರೂ ಇಳೀತಿರಲಿಲ್ಲ. ಮೊದಲು ದೀಪ ಇಳಿಬಿಡೋರು. ದೀಪ ಆರಿತು ಅಂದ್ರೆ, ಇವತ್ತು ಬೇಡ.

ಕಡಲ ತಳದ ಕೆಸರಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಮೇಲೆ ಬೆಳೆದ ಪಾಚಿ, ಸತ್ತ ಜೀವಿಗಳು ಕೆಳಗೆ ಬೀಳ್ತಾವೆ. ದಾರಿಯಲ್ಲೇ ಬಹುಪಾಲು ಖರ್ಚಾಗಿ, ಕೊನೆಗೆ ಕೆಸರಲ್ಲಿ ಹೂತು ಉಳಿಯೋದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮೇಲಿನ ಪದರದಲ್ಲಿ ಸೂಕ್ಷ್ಮಜೀವಿಗಳು ಆಮ್ಲಜನಕ ಬಳಸಿ ಅದನ್ನು ತಿಂತಾವೆ. ಅದು ಮುಗಿದ ಮೇಲೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ. ಆಮೇಲೆ ಸಲ್ಫೇಟ್, ಆಗ ಕೊಳೆತ ಮೊಟ್ಟೆ ವಾಸನೆ ಬರುತ್ತೆ. ಅದೂ ತೀರಿದ ಮೇಲೆ ಹುಟ್ಟೋದು ಮೀಥೇನ್. ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ಬರೋದೂ ಇದೇ ಅನಿಲ. ಅಲ್ಲಿ ಕೆಲವು ವಾರದ ಕೆಲಸ, ಇಲ್ಲಿ ಸಾವಿರಾರು, ಲಕ್ಷಾಂತರ ವರ್ಷದ್ದು. ತಳದ ನೀರು 2–4 ಡಿಗ್ರಿ ತಣ್ಣಗಿರುತ್ತೆ, ಮೇಲೆ ಜೇಡಿಯ ಕಣಗಳು ತಿನಿಸನ್ನು ಅಪ್ಪಿಕೊಂಡು ಬಿಡೋದೇ ಇಲ್ಲ.

ಇದು ನಮಗೆ ದೂರದ ವಿಷಯ ಅಲ್ಲ. ನರಗುಂದ, ರೋಣದ ಎರಿ ಹೊಲದ ಮಣ್ಣು ಮಳೆಗೆ ಕೊಚ್ಚಿ ಬೆಣ್ಣೆಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತೆ. ಈಗ ಅಣೆಕಟ್ಟುಗಳು ಬಹಳಷ್ಟು ಹೂಳನ್ನು ತಡೀತಾವೆ. ಅವು ಇಲ್ಲದ ಕಾಲದಲ್ಲಿ ಬಂಗಾಳ ಕೊಲ್ಲಿವರೆಗೂ ದಾರಿ ತೆರೆದೇ ಇತ್ತು. ಆ ಕಡಲಲ್ಲೇ, ಕೃಷ್ಣಾ–ಗೋದಾವರಿ ಕೊಳ್ಳದಲ್ಲಿ, 2006ರಲ್ಲಿ ಜಾಯ್ಡೆಸ್ ರೆಸಲ್ಯೂಷನ್ ಹಡಗು ಕೊರೆದಾಗ ಜೇಡಿಯ ಬಿರುಕುಗಳಲ್ಲಿ ಮೀಥೇನ್ ಹೈಡ್ರೇಟ್ ಸಿಕ್ತು. ಮಂಜುಗಡ್ಡೆಯಲ್ಲಿ ಸೆರೆಯಾದ ಅನಿಲ ಅನ್ನಿ. ಒಂದು ಜಾಗದಲ್ಲಿ ಅದರ ದಪ್ಪ ಸುಮಾರು 130 ಮೀಟರ್! ಅದನ್ನು ತೆಗೆದು ಉರಿಸೋ ಆಸೆ ಸರ್ಕಾರಗಳಿಗಿದೆ. ನನಗೆ ಅದು ದೀಪ ಇಳಿಸದೆ ಹಗೇವಿಗೆ ಇಳಿದಂಗೆ ಕಾಣುತ್ತೆ. ಸೋರಿ ಮೇಲೆ ಬಂದ್ರೆ ಮೀಥೇನ್ ಇಂಗಾಲದ ಡೈ ಆಕ್ಸೈಡ್‌ಗಿಂತ ಹತ್ತಾರು ಪಟ್ಟು ಶಾಖ ಹಿಡಿಯೋ ಅನಿಲ.

ಎಲ್ಲಾ ಕಡೆ ಆಮ್ಲಜನಕವೇ ಕಾರಣ ಅಂತಲೂ ಅಲ್ಲ. ದಕ್ಷಿಣ ಪೆಸಿಫಿಕ್‌ನ ತಳದಿಂದ ತೆಗೆದ 10 ಕೋಟಿ ವರ್ಷ ಹಳೆಯ ಕೆಸರಲ್ಲಿ ಆಮ್ಲಜನಕ ಇತ್ತು, ಇಲ್ಲದ್ದು ಊಟ. ಜಪಾನಿನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಊಟ ಕೊಟ್ಟಾಗ ಅಲ್ಲಿದ್ದ ಸೂಕ್ಷ್ಮಜೀವಿಗಳು ಮತ್ತೆ ಬೆಳೆದವು. 2020ರಲ್ಲಿ ಇದು ಪ್ರಕಟವಾಯ್ತು.

ಇನ್ನು ನಮ್ಮ ಹೊಲ. ಎರಿ ಮಣ್ಣು ಕಪ್ಪಗಿದೆ ಅಂತ ಅದರಲ್ಲಿ ಸಾವಯವ ಇಂಗಾಲ ತುಂಬಿದೆ ಅಂದ್ಕೋಬೇಡಿ. ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಇರಲ್ಲ. ಬಿಸಿಲು, ಗಾಳಿ, ಪದೇಪದೇ ಉಳುಮೆ, ಎಲ್ಲಾ ಸೇರಿ ಹಾಕಿದ ತಿಪ್ಪೆಗೊಬ್ಬರವನ್ನು ಬೇಗ ಕರಗಿಸಿಬಿಡ್ತಾವೆ. ಕಡಲಲ್ಲಿ ಲಕ್ಷ ವರ್ಷ ಉಳಿಯೋದು ಇಲ್ಲಿ ಕೆಲವೇ ಮಳೆಗಾಲಕ್ಕೆ ಮುಗೀತದೆ. ಒಡ್ಡು ಒಡೆದ ಹೊಲದಲ್ಲಂತೂ ಒಂದೇ ಮಳೆ ಸಾಕು.