ಪ್ರಯೋಗಶಾಲೆಯಿಂದ ಒಲೆಯ ಬಳಿಗೆ

ವಿದ್ಯೆ ಹುಟ್ಟುವುದು ಒಂದೆಡೆ, ಅದು ಫಲಿಸುವುದು ಮತ್ತೊಂದೆಡೆ. ಆರೋಗ್ಯಶಾಸ್ತ್ರದಲ್ಲಂತೂ ಈ ಎರಡು ಎಡೆಗಳ ನಡುವಣ ದಾರಿ ಬಹು ದೀರ್ಘವಾದುದು. ಸಂಶೋಧಕರೂ ಸರ್ಕಾರದವರೂ ಸೇವಾಸಂಸ್ಥೆಗಳವರೂ ಕೂಡಿ ಈ ದಾರಿಯನ್ನು ಸವೆಸಬೇಕೆಂದು ಎಲ್ಲರೂ ಹೇಳುತ್ತಾರೆ. ಆ ಮಾತು ಒಪ್ಪತಕ್ಕದ್ದೇ. ಆದರೆ ಹಾಗೆ ಕೂಡಿ ದುಡಿದವರ ದುಡಿಮೆ ಸಾರ್ಥಕವಾಯಿತೆ ಇಲ್ಲವೆ ಎಂಬುದನ್ನು ಅಳೆಯುವ ಕೊಳಗ ಯಾವುದು? ನಡೆಸಿದ ಸಭೆಗಳ ಸಂಖ್ಯೆಯೆ? ಹಂಚಿದ ಕರಪತ್ರಗಳ ರಾಶಿಯೆ? ನಾನು ವೈದ್ಯನಲ್ಲ, ಸಾಹಿತ್ಯದ ಅಧ್ಯಾಪಕನಾಗಿದ್ದವನು. ಆದರೂ ಈ ಪ್ರಶ್ನೆಯಲ್ಲಿ ಮಾತಿಗೂ ಒಂದು ಪಾತ್ರವಿರುವುದರಿಂದ, ನೆರೆಯ ಬಾಂಗ್ಲಾದೇಶದ ಒಂದು ನಿದರ್ಶನವನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ವಾಂತಿಭೇದಿಯಲ್ಲಿ ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ದೇಹದ ನೀರೂ ಲವಣವೂ ಬರಿದಾಗುವುದರಿಂದ. ಸಕ್ಕರೆಯ ಅಂಶ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳಬಲ್ಲುದು. ಈ ತತ್ತ್ವವನ್ನು ಆಧರಿಸಿ, ಬಾಯಿಯ ಮೂಲಕ ಕುಡಿಸುವ ದ್ರಾವಣದಿಂದಲೇ ಕಾಲರಾ ರೋಗಿಗಳನ್ನು ಉಳಿಸಬಹುದೆಂದು ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ವೈದ್ಯರು 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದ ಪರವಾಗಿ ತೋರಿಸಿಕೊಟ್ಟರು. 1971ರ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಇದೇ ದ್ರಾವಣವನ್ನು ರೋಗಿಗಳ ಬಂಧುಗಳ ಕೈಗೇ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಈ ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಪ್ರಗತಿ ಇದಾಗಬಹುದೆಂದು ‘ಲ್ಯಾನ್ಸೆಟ್’ ಪತ್ರಿಕೆ 1978ರಲ್ಲಿ ಬರೆಯಿತು.

ಶಾಸ್ತ್ರದ ಕಾರ್ಯ ಅಲ್ಲಿಗೆ ಮುಗಿದಂತೆ ತೋರಬಹುದು. ಆದರೆ ಹೊಳೆಗಳಾಚೆಯ ಹಳ್ಳಿಯಲ್ಲಿ, ನಡುರಾತ್ರಿ ಮಗುವಿಗೆ ಭೇದಿ ಹತ್ತಿದಾಗ, ‘ಲ್ಯಾನ್ಸೆಟ್’ ಓದಿದವರು ಅಲ್ಲಿ ಯಾರಿದ್ದರು? ಫಜ್ಲೆ ಹಸನ್ ಅಬೇದ್ ಅವರು ಸ್ಥಾಪಿಸಿದ ಬ್ರಾಕ್ ಎಂಬ ಸೇವಾಸಂಸ್ಥೆ, ಸಂಶೋಧಕರ ನೆರವಿನೊಡನೆ, 1980ರಿಂದ ಈ ವಿದ್ಯೆಯನ್ನು ಮನೆಮನೆಗೆ ಒಯ್ಯಲು ಹೊರಟಿತು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು: ಇಷ್ಟೇ ಪಾಠ. ಕಾರ್ಯಕರ್ತೆಯರು ಹಿತ್ತಿಲಲ್ಲಿ, ಒಲೆಯ ಬಳಿಯಲ್ಲಿ ಕುಳಿತು ತಾಯಂದಿರಿಗೆ ಇದನ್ನು ಕಲಿಸಿದರು. 1990ರ ಹೊತ್ತಿಗೆ ಅವರು ಮುಟ್ಟಿದ ಮನೆಗಳು 1 ಕೋಟಿ 20 ಲಕ್ಷಕ್ಕೂ ಹೆಚ್ಚು.

ಈ ದೊಡ್ಡ ಸಂಖ್ಯೆಗಿಂತಲೂ ನನ್ನನ್ನು ಸೆಳೆದದ್ದು ಅವರು ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿಕೊಂಡ ಬಗೆ. ಕಾರ್ಯಕರ್ತೆಗೆ ವೇತನ ದೊರೆಯುತ್ತಿದ್ದುದು ಅವಳು ಎಷ್ಟು ಮನೆ ಸುತ್ತಿದಳೆಂಬುದರ ಮೇಲಲ್ಲ, ತಾಯಿ ಎಷ್ಟು ಕಲಿತಳೆಂಬುದರ ಮೇಲೆ. ಕೆಲವು ವಾರಗಳ ತರುವಾಯ ಬೇರೊಬ್ಬ ಪರೀಕ್ಷಕರು ಕೆಲವು ಮನೆಗಳನ್ನು ಆರಿಸಿ ಹೋಗಿ ತಾಯಿಯನ್ನು ಪ್ರಶ್ನಿಸುತ್ತಿದ್ದರು. ಅವಳಿಂದಲೇ ದ್ರಾವಣವನ್ನು ಮಾಡಿಸಿ ನೋಡುತ್ತಿದ್ದರು. ಉಪ್ಪು ಮಿತಿಮೀರಿದರೆ ಮಗುವಿಗೆ ಅಪಾಯವಾದುದರಿಂದ, ತಾಯಂದಿರು ಮಾಡಿದ ದ್ರಾವಣದ ಮಾದರಿಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುತ್ತಿದ್ದರು. ಗುರು ಎಷ್ಟು ಹೇಳಿದನೆಂಬುದಕ್ಕಿಂತ ಶಿಷ್ಯನಿಗೆ ಎಷ್ಟು ದಕ್ಕಿತೆಂಬುದೇ ಬೋಧನೆಯ ಅಳತೆಯೆಂದು ನಾವು ಅಧ್ಯಾಪಕರು ಹೇಳುತ್ತೇವೆ. ಅವರು ಅದನ್ನು ಮಾಡಿಯೇ ತೋರಿಸಿದರು.

ಆದರೆ ಪರೀಕ್ಷೆ ಇನ್ನೊಂದು ಸತ್ಯವನ್ನೂ ಹೊರಗೆಡಹಿತು. ತಾಯಂದಿರು ಪಾಠವನ್ನು ಚೆನ್ನಾಗಿ ಒಪ್ಪಿಸುತ್ತಿದ್ದರು. ಮಗುವಿಗೆ ಭೇದಿಯಾದಾಗ ಮಾತ್ರ ದ್ರಾವಣವನ್ನು ಬಳಸಿದವರು ತೀರ ಕಡಿಮೆ. ಕಲಿತದ್ದು ಕೈಗೆ ಇಳಿದಿರಲಿಲ್ಲ. ಸಂಸ್ಥೆಯವರು ಈ ಫಲಿತಾಂಶವನ್ನು ಕಡತದಲ್ಲಿ ಅಡಗಿಸಲಿಲ್ಲ, ಹಳ್ಳಿಯ ಹೆಂಗಸರ ಅಜ್ಞಾನವೆಂದು ಕೈತೊಳೆದುಕೊಳ್ಳಲೂ ಇಲ್ಲ, ಕಾರಣವನ್ನು ಅರಸಿದರು. ತಮ್ಮ ಕಾರ್ಯಕರ್ತೆಯರಿಗೇ ಉಪ್ಪು-ಬೆಲ್ಲದ ನೀರಿನಲ್ಲಿ ನಂಬಿಕೆಯಿರಲಿಲ್ಲವೆಂಬುದು ಒಂದು ಕಾರಣ. ಅವರನ್ನು ಢಾಕಾದ ಸಂಶೋಧನಾ ಕೇಂದ್ರಕ್ಕೆ ಕರೆತಂದು ಚಿಕಿತ್ಸೆಯನ್ನು ಕಣ್ಣಾರೆ ತೋರಿಸಿದರು. ಮನೆಯ ಗಂಡಸರನ್ನು ಹೊರಗಿಟ್ಟದ್ದು ಇನ್ನೊಂದು ಕಾರಣ. ಸಂತೆಗಳಲ್ಲಿ, ಮಸೀದಿಗಳಲ್ಲಿ ಅವರೊಡನೆಯೂ ಮಾತಾಡಿದರು.

ಮೂರನೆಯ ಕಾರಣ ಭಾಷೆಯದು. ವೈದ್ಯರಿಗೆ ಭೇದಿಯೆಂಬುದು ಒಂದೇ ರೋಗ. ಹಳ್ಳಿಯ ತಾಯಿಗೆ ಅದು ನಾಲ್ಕು. ಹಾಲುಗೂಸಿನ ಭೇದಿ ಬೇರೆ, ಅಜೀರ್ಣ ಬೇರೆ, ಆಮಶಂಕೆ ಬೇರೆ, ನೀರಾಗಿ ಹರಿಯುವ ಕಾಲರಾದಂಥ ಘೋರಭೇದಿ ಬೇರೆ. ಕಲಿಸಿದವರು ಬಳಸಿದ ಪದವನ್ನು ತಾಯಂದಿರು ಆ ನಾಲ್ಕನೆಯದಕ್ಕೆ ಮಾತ್ರ ಅನ್ವಯಿಸಿಕೊಂಡು, ಉಳಿದವುಗಳಲ್ಲಿ ದ್ರಾವಣವನ್ನು ಹೆಚ್ಚಾಗಿ ಬಳಸದೆ ಬಿಟ್ಟಿದ್ದರು. ಅವರು ಪಾಠವನ್ನು ಮರೆತಿರಲಿಲ್ಲ. ತಮ್ಮ ನುಡಿಯ ಅರ್ಥದಂತೆ ಪಾಲಿಸಿದ್ದರು. ಅಜೀರ್ಣ, ಆಮಶಂಕೆ, ವಾಂತಿಭೇದಿ ಎಂದು ನಾವೂ ಬೇರೆಬೇರೆಯಾಗಿಯೇ ಹೇಳುತ್ತೇವಲ್ಲವೆ? ಕನ್ನಡ ನಾಡಿನಲ್ಲಿ ಇಂದು ಓ.ಆರ್.ಎಸ್. ಪೊಟ್ಟಣವನ್ನು ಹಿಡಿದು ಮನೆಬಾಗಿಲಿಗೆ ಹೋಗುವ ಆಶಾ ಕಾರ್ಯಕರ್ತೆಯೂ ಈ ಪದಗಳ ನಡುವೆಯೇ ನಡೆಯಬೇಕಾಗಿದೆ.

ಆದುದರಿಂದ ಇಂಥ ಸಹಯೋಗಗಳ ಮೌಲ್ಯವನ್ನು ಕಟ್ಟುವಾಗ ನಾವು ಕೇಳಬೇಕಾದ ಪ್ರಶ್ನೆಗಳು ಸರಳವಾದವು. ತಿಳಿವಳಿಕೆ ತಲುಪಿತೆ? ತಲುಪಿದ್ದು ಸರಿಯಾಗಿತ್ತೆ? ಸರಿಯಾದದ್ದು ಬಳಕೆಗೆ ಬಂದಿತೆ? ಬಾರದಿದ್ದರೆ ತಿದ್ದಿಕೊಂಡವರು ಯಾರು? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ವಿದ್ವಾಂಸನೂ ಕಾರ್ಯಕರ್ತೆಯೂ ತಾಯಿಯೂ ಪಾಲುದಾರರೆಂದ ಮೇಲೆ, ತಿದ್ದಿಕೊಳ್ಳುವ ಹೊರೆಯೆಲ್ಲ ತಾಯಿಯ ತಲೆಯ ಮೇಲೆಯೇ ಬೀಳುವುದು ನ್ಯಾಯವಲ್ಲ. ಉತ್ತರವನ್ನು ಹೇಳಬೇಕಾದವಳು ಒಲೆಯ ಮುಂದೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಳೆ. ವರದಿಯನ್ನು ಬರೆಯುವವರು ಅಲ್ಲಿಯವರೆಗೆ ನಡೆದುಹೋಗಬೇಕು.